ಮುಂದಿನ ಸೀಟಿನ ಕೊಡ

ತುಂಗಭದ್ರಾ ನದಿ ಹುಟ್ಟಿದ್ದೇ ನನ್ನ ಸೋದರಮಾವನಿಗೋಸ್ಕರ! ಇದು ನನ್ನ ಮಾತಲ್ಲ, ಮಾವನದೇ ಮಾತು. ಗುಡ್ಡದಿಂದ ಅವನ ಹೊಲದವರೆಗೆ ನಡುವೆ ಸಿಗುವ ಊರುಗಳು, ಪಟ್ಟಣಗಳು, ಕಾರ್ಖಾನೆಗಳು ಎಲ್ಲವೂ ಅವನ ಲೆಕ್ಕದಲ್ಲಿ ದಾರಿಗಳ್ಳರು. ಅವನ ಮನೆ ಹುಡುಕಿಕೊಂಡು ಹೊರಟ ಬಡಪಾಯಿ ನೀರನ್ನು ಅಡ್ಡಗಟ್ಟಿ ಕುಡಿದು ಬಾಯಿ ಒರೆಸಿಕೊಂಡವರು. ಶಿವಮೊಗ್ಗದ ಹೆಸರು ಕೇಳಿದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ಮಾವ ಮಾತ್ರ ಹಲ್ಲು ಕಡಿಯುತ್ತಾನೆ.

ತಪ್ಪೂ ಅನ್ನಲಾರೆ. ಅವನ ಹಳ್ಳಿ ಇರುವುದು ಸಿಂಧನೂರಿನಿಂದ ಆಚೆ, ಎಡದಂಡೆ ಕಾಲುವೆಯ ಕಟ್ಟಕಡೆಗೆ. ಟೇಲ್ ಎಂಡ್ ಅನ್ನುತ್ತಾರಲ್ಲ, ಅದು. ಕಾಲುವೆಯ ಮೇಲಿನವರಿಗೆ ಭತ್ತ ಬೆಳೆಯುವ ಕೆಲಸ, ಕೆಳಗಿನವರಿಗೆ ಕಾಯುವ ಕೆಲಸ. ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದು, ಆ ಪತ್ರಿಕೆ ಹಳೆಯದಾಗಿ, ಅದರಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ತಿಂದು, ಎಣ್ಣೆ ಹತ್ತಿದ ಕಾಗದವನ್ನು ಬಿಸಾಡಿದರೂ ನೀರು ಮಾವನ ಹೊಲಕ್ಕೆ ಬಂದಿರುವುದಿಲ್ಲ. ಎಲ್ಲಿ ನೀರು ಎಂದು ಯಾರಾದರೂ ಕೇಳಿದರೆ ಅವನದು ಒಂದೇ ಉತ್ತರ: "ದಾರ್ಯಾಗ ಅದ."

ಈ ಮಾತು ಅವನ ನಾಲಿಗೆಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಹೊಲಿಯಲು ಕೊಟ್ಟ ಅಂಗಿ, ಬರಬೇಕಾದ ಬಸ್ಸು, ಗೊತ್ತುಮಾಡಿದ ಟ್ರ್ಯಾಕ್ಟರು ಎಲ್ಲವೂ ಅವನ ಪಾಲಿಗೆ ಸದಾ ದಾರಿಯಲ್ಲಿಯೇ ಇರುತ್ತವೆ. ನನ್ನ ಮದುವೆಯ ದಿನ, ನಾನು ಮದುಮಗಳಾಗಿ ಕೂತು ಅಕ್ಷತೆಯ ಹೊತ್ತಾದರೂ ಮಾವನ ಸುಳಿವಿಲ್ಲ. ಅಮ್ಮ ಫೋನ್ ಹಚ್ಚಿದರೆ, "ದಾರ್ಯಾಗ ಅದೀನಿ" ಎಂದ. ಹಿಂದಿನಿಂದ ಅವನದೇ ಕೊಟ್ಟಿಗೆಯ ಎಮ್ಮೆ ಕೂಗಿದ್ದು ನಮಗೆಲ್ಲ ಕೇಳಿಸಿತು!

ಈ ಮಾತಿಗೆ ಜೀವಮಾನವಿಡೀ ಎದುರು ನಿಂತವಳು ಒಬ್ಬಳೇ. ಅವನ ಹೆಂಡತಿ, ನನ್ನ ಅತ್ತೆ. ಅವಳು ಮಸ್ಕಿ ಗುಡ್ಡದ ಬುಡದವಳು. ಬಾವಿಯ ಹಗ್ಗ ಎಳೆದೆಳೆದು ಅಂಗೈ ಒರಟಾದ ಮಗಳನ್ನು ನೋಡಿ ಅವಳ ಅಪ್ಪ ಕಾಲುವೆ ಇರುವ ಊರಿಗೇ ಕೊಡುತ್ತೇನೆಂದು ಹಟ ಹಿಡಿದಿದ್ದನಂತೆ. ವರನನ್ನು ನೋಡಲು ಬಂದ ದಿನ ಕಾಲುವೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಹುಡುಗನನ್ನು ಸರಿಯಾಗಿ ನೋಡದೆಯೇ ಒಪ್ಪಿಬಿಟ್ಟ! ಅತ್ತೆ ತವರಿನ ಹಿತ್ತಾಳೆ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಗಂಡನ ಮನೆಗೆ ಬಂದಾಗ ಅದೇ ಕಾಲುವೆಯೊಳಗೆ ಆಡುಗಳು ಮೇಯುತ್ತಿದ್ದವು.

ಅಂದು ಶುರುವಾದ ಜಗಳ ನಾವು ದೊಡ್ಡವರಾದರೂ ಮುಗಿಯಲಿಲ್ಲ. ರಜೆಗೆ ಹೋದಾಗಲೆಲ್ಲ ಕೇಳಿದ್ದೇನೆ. ತನ್ನ ಅಪ್ಪ ನೀರಿನ ಊರಿಗೆ ಕೊಟ್ಟಿದ್ದೇನೆ ಎಂದಿದ್ದ, ಎಲ್ಲಿ ನೀರು ಎಂದು ಅತ್ತೆ ಕೊಡ ಬೆಳಗುತ್ತಾ ಕೇಳುವಳು. ದಾರಿಯಲ್ಲಿದೆ ಎಂದು ಮಾವ ಹೇಳುವನು. ಆಗ ಅತ್ತೆ ಹುಣಸೆಹಣ್ಣಿನ ಕೈಯನ್ನು ಹಾಗೇ ನಿಲ್ಲಿಸಿ ಕಡೆಯ ಅಸ್ತ್ರ ಬಿಡುವಳು: "ಹೊಂಟದ ಅಂತ ಯಾವ ಬಾಯಿಲೆ ಹೇಳ್ತೀ? ಹೊಂಡೂದನ್ನ ನೀ ನಿಂತು ನೋಡೀ ಏನು?"

ಹೊರಡುವುದನ್ನು ನೋಡಿದವರು ನಮ್ಮ ಕಡೆ ಯಾರಿದ್ದಾರೆ? ಗುಡ್ಡದಲ್ಲಿ ಹುಟ್ಟುತ್ತದಂತೆ, ಒಂದು ದಿನ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಮಾವ ಪ್ರತಿ ಸಲ ಮಾತು ಕೊಡುವನು. ಅತ್ತೆ ನಗುವಳು. ಅವಳ ನಗುವಿನಲ್ಲಿ ಆಸೆ ಎಷ್ಟಿತ್ತು, ಗೇಲಿ ಎಷ್ಟಿತ್ತು ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ತೋರಿಸುವ ಮಾತು ಮಾತಾಗಿಯೇ ಉಳಿಯಿತು.

ಮುಂಗಾರು ಶುರುವಾದ ಮೇಲೆ ಒಂದು ಬೆಳಿಗ್ಗೆ ಲಿಂಗಸುಗೂರಿನ ನಮ್ಮ ಮನೆಗೆ ಮಾವನ ಫೋನ್ ಬಂತು. ಯೋಗಕ್ಷೇಮ ಏನೂ ಇಲ್ಲ. ನಿನ್ನ ಕಾರು ಗುಡ್ಡ ಏರುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ಯಾವ ಗುಡ್ಡ, ಮಸ್ಕಿಯದೇ ಎಂದೆ.

"ಹೊಳಿ ಹುಟ್ಟೂ ಗುಡ್ಡ ಬೇ. ಹೊಂಡೂದನ್ನ ನೋಡಬೇಕು. ನಿಮ್ಮ ಅತ್ತೀಗೆ ಮಾತು ಕೊಟ್ಟೀನಿ."

ನಾನು ತಕ್ಷಣ ಒಪ್ಪಿಕೊಂಡೆ. ಪುಣ್ಯದ ಕೆಲಸವೆಂದಲ್ಲ. ದಾವಣಗೆರೆಯ ಬೆಣ್ಣೆ ದೋಸೆ, ಮಲೆನಾಡಿನ ಕಡುಬು, ಮಂಜಿನಲ್ಲಿ ನಿಂತು ಕುಡಿಯುವ ಚಹಾ ಇವೆಲ್ಲ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿದ್ದವು. ಬಿಸಿಲಿನ ನಾಡಿನವರಿಗೆ ಹಸಿರು ಗುಡ್ಡವೆಂದರೆ ಎಂಥ ಹಂಬಲ ಎಂಬುದು ಮಲೆನಾಡಿನವರಿಗೆ ತಿಳಿಯುವುದಿಲ್ಲ ಬಿಡಿ!

ಅವನನ್ನು ಕರೆದುಕೊಳ್ಳಲು ಹಳ್ಳಿಗೆ ಹೋದರೆ, ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು, ರೊಟ್ಟಿಯ ಗಂಟನ್ನು ಹೆಗಲಿಗೆ ಹಾಕಿ, ಅತ್ತೆಯ ಹಿತ್ತಾಳೆ ಕೊಡವನ್ನು ಕಂಕುಳಲ್ಲಿ ಅವುಚಿಕೊಂಡು ಕಟ್ಟೆಯ ಮೇಲೆ ನಿಂತಿದ್ದ. ಜೀವನದಲ್ಲಿ ಮೊದಲ ಸಲ ಹೇಳಿದ ಹೊತ್ತಿಗೆ ತಯಾರಾಗಿದ್ದ! ಕೊಡವನ್ನು ಮುಂದಿನ ಸೀಟಿನಲ್ಲಿಟ್ಟ. ತಾನು ಹಿಂದೆ ಹೋಗಿ ಕಾಲು ಮಡಚಿ ಕುಳಿತ. ಕೊಡ ಹಿಂದಿರಲಿ, ನೀನು ಮುಂದೆ ಬಾ, ರಸ್ತೆ ಚೆನ್ನಾಗಿ ಕಾಣುತ್ತದೆ ಎಂದೆ.

"ಹಿಂದ ಕುಂದರಿಸಿದ್ರ ಅಕಿಗೆ ವಾಂತಿ ಬರ್ತದ" ಎಂದ.

ನಾನು ನಕ್ಕೆ. ನಕ್ಕ ಮೇಲೆ ನೆನಪಾಯಿತು, ಅತ್ತೆ ಬಸ್ಸಿನಲ್ಲಿಯೂ ಚಾಲಕನ ಬೆನ್ನಿಗೇ ಕೂರುತ್ತಿದ್ದಳು, ಕೈಯಲ್ಲಿ ನಿಂಬೆಹಣ್ಣು ಹಿಡಿದು. ಮಾವನ ಮುಖ ನೋಡಿದೆ. ಅವನು ಗಂಭೀರವಾಗಿ ಕಿಟಕಿಯ ಗಾಜು ಇಳಿಸುವ ಗುಂಡಿ ಹುಡುಕುತ್ತಿದ್ದ.

ಕಾರು ಶುರು ಮಾಡಿದೆ. ನಾನು ಬೆಲ್ಟ್ ಹಾಕಿಕೊಂಡಿರಲಿಲ್ಲ, ಕಾರು ಟುಂಯ್ ಟುಂಯ್ ಎಂದು ಒದರತೊಡಗಿತು. ಮಾವ ಬೆಚ್ಚಿಬಿದ್ದ. ಸೀಟಿನ ಮೇಲೆ ಮನುಷ್ಯ ಕೂತು ಬೆಲ್ಟ್ ಹಾಕದಿದ್ದರೆ ಹೀಗೆ ಒದರುತ್ತದೆ ಎಂದು ತಿಳಿಸಿ ಹೇಳಿ ನನ್ನ ಬೆಲ್ಟ್ ಹಾಕಿಕೊಂಡೆ. ಅವನಿಗೆ ನಂಬಿಕೆ ಬರಲಿಲ್ಲ. ಹಿಂದಿನಿಂದ ಕೈ ಚಾಚಿ ಮುಂದಿನ ಸೀಟನ್ನು ಬಲವಾಗಿ ಒತ್ತಿದ. ಟುಂಯ್ ಟುಂಯ್! ಕೈ ತೆಗೆದ, ನಿಂತಿತು. ಮತ್ತೆ ಒತ್ತಿದ. ಹಳ್ಳಿ ದಾಟುವವರೆಗೂ ಇದೇ ಆಟ. ಕಡೆಗೆ ಅವನ ದೃಷ್ಟಿ ಕೊಡದ ಮೇಲೆ ಬಿತ್ತು.

"ಇಕಿ ಕುಂತಾಳಲ್ಲ. ಯಾಕ ಒದರವಲ್ದು?"

"ಖಾಲಿ ಕೊಡ ಮಾವ. ತೂಕ ಇಲ್ಲ. ಯಾರೂ ಕುಂತಿಲ್ಲ ಅಂತ ತಿಳಕೊಂಡದ."

ನಾನು ಯಂತ್ರದ ಸಂಗತಿ ಹೇಳಿದ್ದೆ ಅಷ್ಟೆ. ಮಾವ ಮಾತ್ರ ಸಿಂಧನೂರು ಬರುವವರೆಗೂ ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನೇ ಮತ್ತೆ ಮತ್ತೆ ಬಿಗಿ ಮಾಡಿದ.

ಸಿಂಧನೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದೆ ಬಂದ ಕೂಡಲೇ ಅವನಿಗೆ ಮತ್ತೆ ಜೀವ ಬಂತು. ಹೋಟೆಲಿನವನನ್ನು ಕರೆದು ಇಲ್ಲಿ ಬಳಸುವ ನೀರು ಯಾವುದೆಂದು ಕೇಳಿದ. ಕಾಲುವೆಯದೇ, ಕೆರೆ ತುಂಬಿಸಿಕೊಂಡಿದ್ದು ಎಂದ ಅವನು. ಮಾವ ನನ್ನತ್ತ ಗೆದ್ದವನಂತೆ ನೋಡಿದ. ನಮ್ಮ ಪಾಲಿನ ನೀರನ್ನು ಮೇಲಿನವರು ಕುಡಿದಿದ್ದಾರೆ, ಅದನ್ನು ಹೇಗೂ ವಾಪಸ್ ಕೊಡಲಾರರು. ಆದ್ದರಿಂದ ಆ ನೀರಿನಲ್ಲಿ ಮಾಡಿದ್ದನ್ನು ತಿಂದು ನಮ್ಮ ಪಾಲು ವಸೂಲು ಮಾಡಬೇಕು. ಇದು ಅವನ ಸಿದ್ಧಾಂತ. ಹೊಟ್ಟೆಬಾಕತನಕ್ಕೆ ಇದಕ್ಕಿಂತ ಘನವಾದ ಕಾರಣ ನಾನಂತೂ ಕೇಳಿಲ್ಲ!

ಅಲ್ಲಿಂದ ಮುಂದೆ ನಮ್ಮದು ಪ್ರವಾಸವಾಗಿ ಉಳಿಯಲಿಲ್ಲ, ವಸೂಲಿಯಾಯಿತು. ಗಂಗಾವತಿಯಲ್ಲಿ ಚಹಾ ಮತ್ತು ಅದರ ಹಿಂದೆ ಮತ್ತೊಂದು ಚಹಾ. ಮುನಿರಾಬಾದಿನ ಹತ್ತಿರ ಅಣೆಕಟ್ಟೆ ಕಂಡಾಗ ಕಾರು ನಿಲ್ಲಿಸಲು ಹೇಳಿ ಬಹಳ ಹೊತ್ತು ನೋಡಿದ. ಊರಿಗೆ ಹೊರಟವರನ್ನು ಇಲ್ಲಿಯೇ ಹಿಡಿದು ಕೂರಿಸುತ್ತಾರೆ ಎಂದು ನಿಟ್ಟುಸಿರಿಟ್ಟ. ದಾವಣಗೆರೆಯಲ್ಲಿ ಅವನು ಬೆಣ್ಣೆ ದೋಸೆಯನ್ನು ತಿಂದ ರೀತಿ ನೋಡಿ ಮಾಣಿ ಕಟ್ಟಿಗೆ ಒಲೆಯವನನ್ನು ಕರೆದು ತೋರಿಸಿದ. ಹರಿಹರದ ಹೊಳೆಯ ನೀರಿನಲ್ಲಿ ರುಬ್ಬಿದ ಹಿಟ್ಟು ಎಂದು ಅವರು ಹೇಳಬಾರದಿತ್ತು, ಹೇಳಿಬಿಟ್ಟಿದ್ದರು. ಸಾಕು ಮಾವ, ಹೊಟ್ಟೆ ಕೆಡುತ್ತದೆ ಎಂದೆ.

"ಒಂದ ಬೆಳೀ ಪಾಲು ಆತು" ಎಂದು ಕೈ ತೊಳೆದುಕೊಂಡ. "ಇನ್ನೊಂದು ಬೆಳೀದು ವಾಪಸ್ ಬರೂ ಮುಂದ ತಿಂದ್ರಾತು."

ರಾತ್ರಿ ಶಿವಮೊಗ್ಗದಲ್ಲಿ ಉಳಿದೆವು. ಕೊಡ ಕೋಣೆಯಲ್ಲಿ ನಮ್ಮ ಜೊತೆಗೇ ಇತ್ತು, ಹೇಳಬೇಕಾದ್ದಿಲ್ಲ.

ಮರುದಿನ ತೀರ್ಥಹಳ್ಳಿಯ ದಾರಿ ಹಿಡಿದ ಮೇಲೆ ಮಾವ ಬೇರೆಯೇ ಮನುಷ್ಯನಾದ. ಒಂದು ತಿರುವಿನಲ್ಲಿ ಎಡಕ್ಕೆ ತುಂಗೆ, ಇನ್ನೊಂದು ತಿರುವಿನಲ್ಲಿ ಕಾಡು, ಮತ್ತೊಂದು ತಿರುವಿನಲ್ಲಿ ಏನೂ ಕಾಣದಂತೆ ಬಿಳಿ ಮಂಜು. ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಮತ್ತೊಂದು. ನಮ್ಮ ಮಸ್ಕಿಯಲ್ಲಿ ಬಂಡೆಯ ಗುಡ್ಡ ಒಂದೇ, ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಯ್ದ ಹಂಚಿನ ಹಾಗೆ ಸುಡುತ್ತಾ ನಿಂತಿರುತ್ತದೆ. ಇಲ್ಲಿಯ ಗುಡ್ಡಗಳು ಒದ್ದೆ ಬಟ್ಟೆ ಹೊದ್ದು ಮಲಗಿದ್ದವು. ಅತ್ತೆ ಇದ್ದಿದ್ದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಯ್ಯ ನಮ್ಮವ್ವ ಎನ್ನುತ್ತಿದ್ದಳು. ಅವಳಿಲ್ಲದೆ ಇದನ್ನೆಲ್ಲ ನೋಡುತ್ತಿರುವುದಕ್ಕೆ ನನಗೆ ನಿಜವಾಗಿಯೂ ಸಂಕಟವಾಯಿತು.

ಮಾವ ಕಿಟಕಿಗೆ ಮುಖ ಒತ್ತಿಕೊಂಡು ನೋಡುತ್ತಿದ್ದ. ಇಷ್ಟು ನೀರಿಗೆ ಗೇಟು ಎಲ್ಲಿದೆ ಎಂದು ಕೇಳಿದ. ಗೇಟೇ ಇಲ್ಲ ಎಂದೆ. ಗೇಟಿಲ್ಲದ ನೀರು! ಅವನಿಗೆ ಅದು ದೇವರ ಬಗ್ಗೆ ಕೇಳಿದ ಹಾಗೆ ಕೇಳಿಸಿರಬೇಕು, ಕೈ ಜೋಡಿಸಿದ.

ದಾರಿ ಪಕ್ಕದ ಪುಟ್ಟ ಹೋಟೆಲಿನಲ್ಲಿ ನೀರು ದೋಸೆ, ಬಿಸಿ ಕಡುಬು ಸಿಕ್ಕಿತು. ನಡೆಸುವಾಕೆ ನಮ್ಮ ಭಾಷೆ ಕೇಳಿ ಎಲ್ಲಿಯವರೆಂದು ವಿಚಾರಿಸಿದಳು. ಮಾವ ಕಾಲುವೆ, ಟೇಲ್ ಎಂಡ್, ಅತ್ತೆ, ಕೊಡ ಎಲ್ಲ ಕಥೆಯನ್ನೂ ಹೇಳಿದ. ಆಕೆ ಸೌಟು ಹಿಡಿದುಕೊಂಡೇ ಕೇಳಿ, ನಮ್ಮ ಹಿತ್ತಲಿನ ಝರಿಯೂ ತುಂಗೆಗೇ ಹೋಗುತ್ತದೆ, ಅದು ಅಷ್ಟು ದೂರ ಹೋಗಿ ಯಾರಿಗೋ ಬೇಕಾಗುತ್ತದೆ ಎಂದು ನಾವು ಯೋಚಿಸಿಯೇ ಇರಲಿಲ್ಲ ಎಂದಳು. ಮತ್ತೆರಡು ಕಡುಬು ತಂದು ಹಾಕಿದಳು. ವಸೂಲಿಗೆ ಇದಕ್ಕಿಂತ ಒಳ್ಳೆಯ ಸಮಯ ಉಂಟೇ? ಆದರೆ ಮಾವ ಒಂದನ್ನೇ ತಿಂದು ಎದ್ದ. ಕಾರಿನಿಂದ ಗಂಟು ತಂದು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ನಮ್ಮ ಚಟ್ನಿಪುಡಿ ತೆಗೆದು ಆಕೆಯ ಮೇಜಿನ ಮೇಲಿಟ್ಟ.

ಯಾಕೆ ಮಾವ, ಪಾಲು ಬೇಡವೇ ಎಂದು ಕಾಲೆಳೆದೆ.

"ಇವರು ನಮ್ಮದನ್ನ ಕುಡದವರಲ್ಲ ಬೇ. ತಮ್ಮ ಹಿತ್ತಲದಾಗ ಹುಟ್ಟಿದ್ದನ್ನ ನಮಗ ಕಳಸ್ಯಾರ."

ಇಷ್ಟು ಹೇಳಿದವನು ಮುಂದಿನ ಅರ್ಧ ಗಂಟೆಯಲ್ಲಿ ನನ್ನ ಮಾನ ಕಳೆದ. ಶೃಂಗೇರಿ ದಾಟಿ ಕುದುರೆಮುಖದ ಕಡೆಗೆ ಏರುತ್ತಿದ್ದೆವು. ಒಂದು ಕಡೆ ಮೋರಿಗೆ ಎಲೆ, ಕಸ ಸಿಕ್ಕಿಕೊಂಡು ಗುಡ್ಡದಿಂದ ಇಳಿದ ನೀರು ರಸ್ತೆಯ ಮೇಲೆ ಹರಡಿ ಪೋಲಾಗುತ್ತಿತ್ತು. ನಿಲ್ಲಿಸು ಎಂದು ಮಾವ ಕೂಗಿದ ದನಿಗೆ ನಾನು ಯಾವುದೋ ಪ್ರಾಣಿ ಅಡ್ಡ ಬಂತೆಂದು ಬ್ರೇಕ್ ಒತ್ತಿದೆ. ಅವನು ಚಪ್ಪಲಿ ಕಳಚಿ, ಧೋತರ ಮೇಲೆ ಕಟ್ಟಿ, ಸುರಿಯುವ ಜಿಟಿಜಿಟಿ ಮಳೆಯಲ್ಲಿಯೇ ಕಸ ಕಿತ್ತು, ಕಲ್ಲು ಜೋಡಿಸಿ, ಮಣ್ಣು ಮೆತ್ತಿ ಒಡ್ಡು ಹಾಕತೊಡಗಿದ. ಪಕ್ಕದ ಹೊಲದವನು ನೀರು ತಿರುಗಿಸಿಕೊಂಡಾನೆಂದು ವರ್ಷವಿಡೀ ಕಾದ ಮನುಷ್ಯ, ನೀರು ಸುಮ್ಮನೆ ರಸ್ತೆಗೆ ಹೋಗುವುದನ್ನು ಹೇಗೆ ನೋಡುತ್ತಾನೆ? ಹಿಂದೆ ಜೀಪೊಂದು ಬಂದು ನಿಂತಿತು. ಚಾಲಕ ಇಳಿದು ಬಹಳ ಮರ್ಯಾದೆಯಿಂದ, ಲೋಕೋಪಯೋಗಿ ಇಲಾಖೆಯವರೇ ಎಂದು ಕೇಳಿದ.

"ಅಲ್ರೀ, ನಾವು ಟೇಲ್ ಎಂಡಿನವರು" ಎಂದ ಮಾವ, ತಲೆ ಎತ್ತದೆ.

ಜೀಪಿನವನು ಏನು ತಿಳಿದುಕೊಂಡನೋ, ತಾನೂ ಎರಡು ಕಲ್ಲು ಎತ್ತಿ ಕೊಟ್ಟು ಹೋದ! ನೀರು ಮೋರಿಯೊಳಗೆ ಧುಮುಕಿದ ಮೇಲೆಯೇ ಮಾವ ಕಾರು ಹತ್ತಿದ್ದು. ಇದಿಷ್ಟು ನಮ್ಮ ಹೊಲಕ್ಕೆ ಹೆಚ್ಚುವರಿ ಎಂದ.

ಇನ್ನೇನು ಬಂದೇಬಿಟ್ಟೆವು ಎನ್ನುವಾಗ ಅರಣ್ಯದ ತಪಾಸಣೆ ಗೇಟು ಎದುರಾಯಿತು. ಹೊಳೆ ಹುಟ್ಟುವ ಜಾಗ ನೋಡಬೇಕು ಎಂದೆವು. ಗೇಟಿನಲ್ಲಿದ್ದ ಕಾವಲುಗಾರ, ರಸ್ತೆಯಲ್ಲಿ ಹೋಗಬಹುದು, ಆದರೆ ಮೂಲದ ಕಡೆಗೆ ಕಾಡಿನೊಳಗೆ ಯಾರನ್ನೂ ಬಿಡುವುದಿಲ್ಲ ಎಂದ. ನನಗೆ ಮೊದಲೇ ಗೊತ್ತಿರಬೇಡವೇ? ದೋಸೆ, ಕಡುಬಿನ ಬಗ್ಗೆ ಎಲ್ಲ ವಿಚಾರಿಸಿಕೊಂಡಿದ್ದೆ, ಇದೊಂದನ್ನು ಮಾತ್ರ ವಿಚಾರಿಸಿರಲಿಲ್ಲ.

ಮಾವ ಸಿಟ್ಟಾಗುತ್ತಾನೆಂದು ಹೆದರಿದೆ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಅವನು ಗೇಟಿನ ಕಂಬಿಯ ಮೇಲೆ ಕೈಯಿಟ್ಟು ನಿಂತುಬಿಟ್ಟ. ಕಾಲುವೆಯ ತೂಬಿನ ಮುಂದೆ ಅವನು ಎಷ್ಟೋ ಸಲ ಹೀಗೆ ನಿಂತದ್ದನ್ನು ನಾನು ನೋಡಿದ್ದೇನೆ. ಅಲ್ಲಿಯೂ ಗೇಟು, ಇಲ್ಲಿಯೂ ಗೇಟು. ಮಳೆ ಅವನ ತಲೆಯ ರುಮಾಲಿನಿಂದ ಇಳಿದು ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು.

"ನಾ ನೋಡದಿದ್ರ ನಡೀತದ್ರೀ. ಅಕಿಗೆ ತೋರಸ್ತೀನಿ ಅಂದಿದ್ದೆ" ಎಂದ, ಬಹಳ ಮೆಲ್ಲಗೆ.

ಕಾವಲುಗಾರ ಯಾರಿಗೆ ಎಂದು ಕಾರಿನ ಕಡೆ ನೋಡಿದ. ಮುಂದಿನ ಸೀಟಿನಲ್ಲಿ ಕೊಡ ಇತ್ತು. ಏನು ಅರ್ಥವಾಯಿತೋ, ಅವನು ಛತ್ರಿ ಹಿಡಿದು ಈಚೆ ಬಂದು, ನಾವು ಬಂದ ರಸ್ತೆಯ ಪಕ್ಕದಲ್ಲಿಯೇ ಬಂಡೆಯ ಸಂದಿನಿಂದ ಬೆರಳುಗಾತ್ರ ಹೊರಬಂದು ಹರಿಯುತ್ತಿದ್ದ ಝರಿಯನ್ನು ತೋರಿಸಿದ. "ಇದೂ ಅದೇ ನೀರೇ ಯಜಮಾನ್ರೇ. ಇಲ್ಲಿಂದ್ಲೇ ಹೊರಡೋದು, ಕೆಳಗೆ ತುಂಗೆಗೆ ಸೇರುತ್ತೆ."

ಮಾವ ಆ ಬಂಡೆಯ ಸಂದನ್ನು ಬಗ್ಗಿ ನೋಡಿದ. ಅದರ ಹಿಂದೆ ಮಣ್ಣು, ಬೇರು, ಪಾಚಿ ಬಿಟ್ಟರೆ ಏನೂ ಇಲ್ಲ. ಅದಕ್ಕಿಂತ ಮೇಲ್ಭಾಗದವರು ಯಾರೂ ಇಲ್ಲ. ನನಗೆ ಕಾರನ್ನು ಸ್ವಲ್ಪ ಮುಂದೆ ತರಲು ಹೇಳಿದ. ಇನ್ನೂ ಸ್ವಲ್ಪ ಎಂದ. ಎಡಗಡೆಯ ಮುಂದಿನ ಬಾಗಿಲು ಸರಿಯಾಗಿ ಝರಿಯ ಎದುರಿಗೆ ಬಂದ ಮೇಲೆ ನಿಲ್ಲಿಸಿದ. ಬಾಗಿಲು ಪೂರ್ತಿ ತೆರೆದ. ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಪಕ್ಕಕ್ಕೆ ಸರಿದು ನಿಂತ.

"ಹೊಂಟದ ನೋಡು" ಎಂದ. "ಸುಳ್ಳ ಹೇಳಿದ್ದಿಲ್ಲ ನಾ."

ನಾನು ಸ್ಟೇರಿಂಗು ಹಿಡಿದು ಎದುರಿನ ಗಾಜನ್ನೇ ನೋಡುತ್ತಿದ್ದೆ. ಎರಡು ದಿನ ಅವನನ್ನು ನೋಡಿ ನಕ್ಕಿದ್ದು ಸಾಕಾಗಿತ್ತು.

ಆಮೇಲೆ ಕೊಡವನ್ನು ಝರಿಗೆ ಒಡ್ಡಿದ. ಸಣ್ಣ ಧಾರೆ, ತುಂಬುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವಸರ ಮಾಡಲಿಲ್ಲ. ಕಂಠದವರೆಗೆ ತುಂಬಿದ ಮೇಲೆ ಬಟ್ಟೆ ಕಟ್ಟಿ, ತಾನೇ ಹೊತ್ತು ತಂದು ಮುಂದಿನ ಸೀಟಿನಲ್ಲಿ ಇಟ್ಟ. ಉರುಳದಂತೆ ಎರಡೂ ಕಡೆಗೆ ರೊಟ್ಟಿ ಗಂಟಿನ ಬಟ್ಟೆ, ತನ್ನ ಟವೆಲು ಒತ್ತಿದ. ಹಿಂದೆ ಹೋಗಿ ಕುಳಿತ. ಕಾರು ತಿರುಗಿಸಿ ಹೊರಟೆ.

ಟುಂಯ್ ಟುಂಯ್ ಟುಂಯ್.

ನನ್ನ ಬೆಲ್ಟ್ ಹಾಕಿಯೇ ಇತ್ತು. ಬಗ್ಗಿ ಕೊಡದ ಬೆಲ್ಟಿಗೆ ಕೈ ಹಾಕಿದೆ. ಹಿಂದಿನಿಂದ ಮಾವನ ಒದ್ದೆ ಕೈ ಬಂದು ನನ್ನ ಕೈ ಮೇಲೆ ಕುಳಿತಿತು.

"ತಡಿಯವ್ವ" ಎಂದ. "ಯಾರೋ ಕುಂತಾರ ಅಂತ ತಿಳಕೊಂಡದ. ಇನ್ನೊಂದು ಸ್ವಲ್ಪ ಒದರಲಿ."